ಭಾವುಬೀಜದ ಮರುದಿನ ವಿಜಯಪುರಕ್ಕೆ

ಸೊಲ್ಲಾಪುರ ಸೀಮೆಯ ಕನ್ನಡಿಗರಿಗೆ ವಿಜಯಪುರ ಅಪರಿಚಿತ ಊರಲ್ಲ. ಬೀಗರ ಮನೆಗೆ ಹೋಗುವಾಗ ಬಸ್ಸು ಬದಲಿಸಿದ ಊರು ಅದು. ಆಸ್ಪತ್ರೆಯ ಪಡಸಾಲೆಯಲ್ಲಿ ರಾತ್ರಿ ಕಳೆದ ಊರು. ಶಾಲೆಯ ಪ್ರವಾಸದಲ್ಲಿ ಒಂದು ಮಧ್ಯಾಹ್ನ ಗೋಳಗುಮ್ಮಟದೊಳಗೆ ಗಂಟಲು ಬಿರಿಯುವಂತೆ ಕೂಗಿ, ಸಂಜೆಗೆ ಮರಳಿ ಬಂದ ಊರು. ನೂರು ಕಿಲೋಮೀಟರಿನಷ್ಟು ಸಮೀಪವಿರುವುದರಿಂದಲೇ ಅದನ್ನು ನೋಡಲೆಂದು ಹೋಗಿ ಎರಡು ರಾತ್ರಿ ಉಳಿದವರು ಕಡಿಮೆ. ಹೆಂಗಸರಷ್ಟೇ ಸೇರಿ ಹಾಗೆ ಉಳಿದದ್ದಂತೂ ಬಲು ಅಪರೂಪ.

2023ರ ದೀಪಾವಳಿಯಲ್ಲಿ ಐವರು ಗೆಳತಿಯರು ಹಾಗೆ ಹೋಗಿಬಂದರು. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆಯವರೆಗೆ ಒಟ್ಟಿಗೆ ಕಲಿತವರು ಇವರು. ಈಗ ಒಬ್ಬಾಕೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಶಿಕ್ಷಕಿ. ಒಬ್ಬಾಕೆ ಸೊಲ್ಲಾಪುರದಲ್ಲಿ ಮನೆಯಲ್ಲಿಯೇ ಶಾಲಾ ಸಮವಸ್ತ್ರ ಹೊಲಿಯುತ್ತಾಳೆ. ಒಬ್ಬಾಕೆಗೆ ಜತ್ತದಲ್ಲಿ ಗಂಡನೊಡನೆ ನಡೆಸುವ ಕಿರಾಣಿ ಅಂಗಡಿ. ಒಬ್ಬಾಕೆ ಹುಟ್ಟಿದ ಊರಿಗೇ ಸೊಸೆಯಾಗಿ, ನಾಲ್ಕು ಎಕರೆ ಬಿಳಿಜೋಳದ ಹೊಲ ಮತ್ತು ಎರಡು ಎಮ್ಮೆ ನೋಡಿಕೊಂಡಿದ್ದಾಳೆ. ಐದನೆಯವಳು ಭೀಮಾ ನದಿಯ ಆಚೆ, ಇಂಡಿ ತಾಲೂಕಿಗೆ ಮದುವೆಯಾಗಿ ಹೋದವಳು. ಇವರ ನಡುವೆ ಇವಳೊಬ್ಬಳೇ ಕಾಗದಪತ್ರದಲ್ಲಿಯೂ ಕರ್ನಾಟಕದವಳು.

ಇಂಥವರು ಒಟ್ಟಿಗೆ ಸೇರುವುದಕ್ಕೆ ವರ್ಷದಲ್ಲಿ ಒಂದೇ ಸಂದು. ಮಹಾರಾಷ್ಟ್ರದ ಶಾಲೆಗಳಿಗೆ ದೊಡ್ಡ ರಜೆ ದೀಪಾವಳಿಗೆ. ಕರ್ನಾಟಕದ ಶಾಲೆಗಳಿಗೆ ದಸರೆಗೆ. ಹೀಗಾಗಿ ಗಡಿಯ ಎರಡೂ ಬದಿಯ ಮಕ್ಕಳಿಗೆ ಒಂದೇ ಸಲ ರಜೆ ಕೂಡಿ ಬರುವುದು ಕಷ್ಟ. ಆದರೆ ಭಾವುಬೀಜಕ್ಕೆ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಅಣ್ಣತಮ್ಮಂದಿರಿಗೆ ಆರತಿ ಬೆಳಗಿದ ಮರುದಿನ ಗಂಡನ ಮನೆಗೆ ಹಿಂತಿರುಗುವ ಅವಸರವಿಲ್ಲದಿದ್ದರೆ, ಆ ಎರಡು ಮೂರು ದಿನ ಯಾರ ಲೆಕ್ಕದಲ್ಲಿಯೂ ಇರುವುದಿಲ್ಲ. ಆ ಲೆಕ್ಕಕ್ಕೆ ಸಿಗದ ದಿನಗಳನ್ನೇ ಗೆಳತಿಯರು ಹಿಡಿದುಕೊಂಡರು.

ಹಣದ ಏರ್ಪಾಡು ಹಿಂದಿನ ದೀಪಾವಳಿಗೇ ಆರಂಭವಾಗಿತ್ತು. ಸೊಲ್ಲಾಪುರದ ಓಣಿಗಳಲ್ಲಿ ಹೆಂಗಸರು ಹಾಕುವ ಭಿಶಿಯನ್ನೇ ತುಸು ಬದಲಿಸಿ, ತಿಂಗಳಿಗೆ ತಲಾ 200 ರೂಪಾಯಿಯಂತೆ ಹಾಕುತ್ತ ಬಂದರು. ಭಿಶಿಯಲ್ಲಿ ಪ್ರತಿ ತಿಂಗಳು ಚೀಟಿ ಎತ್ತಿ ಒಬ್ಬರಿಗೆ ಮೊತ್ತ ಕೊಡುವುದು ರೂಢಿ. ಇಲ್ಲಿ ಚೀಟಿ ಎತ್ತಲಿಲ್ಲ. ವರ್ಷಕ್ಕೆ 12,000 ರೂಪಾಯಿ ಆಯಿತು. ಲೆಕ್ಕ ಅಂಗಡಿಯವಳ ಹತ್ತಿರ. ಊರಿಗೆ ಹೊರಡುವ ವಾರ ಮುಂಚೆ ದುಡ್ಡು ಕೇಳುವುದಕ್ಕಿಂತ ತಿಂಗಳಿಗೆ ಇಷ್ಟೆಂದು ಮನೆಖರ್ಚಿನಲ್ಲಿ ಎತ್ತಿಡುವುದು ಎಷ್ಟೋ ಹಗುರ. ಕೇಳಿದರೆ ಕೊಡುವ ಗಂಡಂದಿರೂ ಇದ್ದಾರೆ. ಕೇಳಬೇಕಾಗಿ ಬಾರದ ಹಣದ ರುಚಿ ಬೇರೆ.

ಆದರೆ ಹಣಕ್ಕಿಂತ ದೊಡ್ಡ ತೊಡಕು ಮನೆಯ ಹಿರಿಯರಿಗೆ ಕಾರಣ ಹೇಳುವುದು. ಈ ಸೀಮೆಯಲ್ಲಿ ಹೆಂಗಸರು ಊರು ಬಿಟ್ಟು ಹೋಗುವುದೇ ಇಲ್ಲವೆಂದಲ್ಲ. ಪಂಢರಪುರಕ್ಕೆ ಹೋಗುತ್ತಾರೆ, ತುಳಜಾಪುರಕ್ಕೆ ಹೋಗುತ್ತಾರೆ, ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗಿ ಬರುತ್ತಾರೆ. ದೇವರ ಹೆಸರಿದ್ದರೆ ಯಾರೂ ಏಕೆಂದು ಕೇಳುವುದಿಲ್ಲ. ಬರಿದೇ ಊರು ನೋಡಲು, ಅದೂ ಗೆಳತಿಯರ ಜೊತೆ ಎಂದರೆ ಪ್ರಶ್ನೆ ಏಳುತ್ತದೆ. ಹೊಲದವಳ ಅತ್ತೆ ಕೇಳಿದ್ದು ಹೀಗೆ: “ಬಿಜಾಪುರದಾಗ ಯಾರು ಅದಾರ ನಿನಗ? ಗುಂಬಜ ಎಲ್ಲಿಗಿ ಓಡಿ ಹೋಗ್ತದ? ಮಳಿ ಇಲ್ಲದ ವರ್ಷ ನೋಡಬೇಕಾಗಿತ್ತೇನ?”

ಕೊನೆಯ ಮಾತಿನಲ್ಲಿ ಹುರುಳಿತ್ತು. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಹಿಂಗಾರಿ ಜೋಳವನ್ನು ನಾಲ್ಕು ಎಕರೆಯ ಬದಲು ಎರಡಕ್ಕಷ್ಟೇ ಬಿತ್ತಿದ್ದರು. 2,400 ರೂಪಾಯಿ ಎಂದರೆ ಎಮ್ಮೆಗಳ ಹಿಂಡಿಗೆ ಆಗುವ ಹಣ. ತನ್ನ ಪಾಲನ್ನು ಹಿಂದಕ್ಕೆ ಪಡೆಯುತ್ತೇನೆಂದು ಆಕೆ ಅಂಗಡಿಯವಳಿಗೆ ಫೋನು ಮಾಡಿದ್ದೂ ಉಂಟು. ಆಗ ಇಂಡಿಯವಳು ಒಂದು ಉಪಾಯ ಹೇಳಿದಳು: ತೊರವಿಯ ನರಸಿಂಹ ದೇವರ ದರ್ಶನಕ್ಕೆಂದು ಮನೆಯಲ್ಲಿ ಹೇಳೋಣ, ದೇವಸ್ಥಾನವಂತೂ ವಿಜಯಪುರದ ಮಗ್ಗುಲಲ್ಲೇ ಇದೆ, ಸುಳ್ಳೂ ಆಗುವುದಿಲ್ಲ. ಶಿಕ್ಷಕಿ ಒಪ್ಪಲಿಲ್ಲ. “ನಾ ಸಾಲಿಯೊಳಗ ಹುಡುಗ್ಯಾರಿಗಿ ಕಲಸ್ತೀನಿ. ನಾಳಿ ನನ್ನ ಮಗಳು ಹಿಂಗೇ ನೆವಾ ಹೇಳಿ ಹೋದ್ರ ನಾ ಏನ್ ಮಾತಾಡ್ಲಿ?” ಎಂದಳು. ಹಟವೆಂದು ತೋರಿದರೂ ಅದು ಸರಿಯಾದ ಹಟ. ಕೊನೆಗೆ ಆಕೆಯೇ ಗೆಳತಿಯ ಅತ್ತೆಯ ಎದುರು ಕುಳಿತು, ಊರು ನೋಡಲು ಹೋಗುತ್ತೇವೆ, ಎರಡು ರಾತ್ರಿ, ಇಂಥಲ್ಲಿ ಉಳಿಯುತ್ತೇವೆ, ಫೋನು ನಂಬರು ಇದು ಎಂದು ನೇರವಾಗಿ ಹೇಳಿದಳು. ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಮ್ಮಿ ಯಾರು ಹಿಂಡೋರು?” ಎಂದು ಕೇಳಿತು. ಅಲ್ಲಿಗೆ ಒಪ್ಪಿಗೆ ಸಿಕ್ಕ ಹಾಗೆಯೇ. ಎಮ್ಮೆ ಹಿಂಡಲು ಮೈದುನ ಒಪ್ಪಿದ. ಮೂರು ದಿನಕ್ಕಾಗುವಷ್ಟು ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ ಡಬ್ಬಿಗೆ ತುಂಬಿದ ಮೇಲೆ ಸೊಸೆ ಚೀಲ ಕಟ್ಟಿದಳು.

ದಿನಗಳ ಜೋಡಣೆಗೂ ಒಂದು ಲೆಕ್ಕವಿತ್ತು. ಆ ವರ್ಷ ಭಾವುಬೀಜ ಬುಧವಾರ. ಗುರುವಾರ ಹೊರಟು ಶನಿವಾರ ಮರಳಬೇಕು. ಪುರಾತತ್ವ ಇಲಾಖೆಯ ವಸ್ತು ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಆದ್ದರಿಂದ ಗೋಳಗುಮ್ಮಟವನ್ನು ಶುಕ್ರವಾರ ಇಟ್ಟುಕೊಂಡರೆ ಅದರ ಮುಂದಿರುವ ಸಂಗ್ರಹಾಲಯ ತಪ್ಪುತ್ತದೆ. ತೊರವಿಯ ಮಹಿಳಾ ವಿಶ್ವವಿದ್ಯಾಲಯ ನೋಡಬೇಕೆಂದಿದ್ದರೆ ಅದಕ್ಕೆ ಕೆಲಸದ ದಿನವೇ ಬೇಕು. ಹೀಗೆ ಗುರುವಾರ ಸಂಜೆಗೆ ನಗರದ ಪಶ್ಚಿಮದ ಇಬ್ರಾಹಿಂ ರೋಜಾ, ಶುಕ್ರವಾರ ತೊರವಿ ಮತ್ತು ಬಾವಿಗಳು, ಶನಿವಾರ ಬೆಳಗಿನ ಜಾವಕ್ಕೆ ಪೂರ್ವದ ಗೋಳಗುಮ್ಮಟ ಎಂದು ಗೊತ್ತಾಯಿತು. ದೊಡ್ಡದನ್ನು ಕೊನೆಗಿಟ್ಟದ್ದು ಒಳ್ಳೆಯದೇ ಆಯಿತು. ಅದನ್ನು ಮೊದಲ ದಿನವೇ ನೋಡಿದವರಿಗೆ ಉಳಿದ ಊರೆಲ್ಲ ಸಣ್ಣದಾಗಿ ಕಾಣುವ ಅಪಾಯವಿದೆ.

ಹೋಗುವ ದಾರಿ ಎರಡು. ಅಕ್ಕಲಕೋಟೆ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿ ಹೊಟಗಿಯಲ್ಲಿ ಇಳಿದರೆ, ಅಲ್ಲಿಂದ ಇಂಡಿ ರೋಡ್ ಮೂಲಕ ವಿಜಯಪುರಕ್ಕೆ ಗದಗಿನ ಮಾರ್ಗದ ಗಾಡಿ ಹಿಡಿಯಬಹುದು. ಗಾಡಿಗಳ ಹೊಂದಾಣಿಕೆ ನೋಡಿಕೊಂಡು ಹೊರಡಬೇಕಷ್ಟೆ. ಗೆಳತಿಯರು ಸೊಲ್ಲಾಪುರಕ್ಕೆ ಹೋಗಿ ಅಲ್ಲಿಂದ ಬಸ್ಸು ಹಿಡಿದರು. ಮಹಾರಾಷ್ಟ್ರದ ಬಸ್ಸಿನಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ದರ; ಆದರೆ ಆ ರಿಯಾಯಿತಿ ರಾಜ್ಯದ ಗಡಿಯವರೆಗೆ ಮಾತ್ರ. ಕರ್ನಾಟಕದಲ್ಲಿ ಅದೇ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸು ಉಚಿತ. ಆದರೆ ಅದು ಕರ್ನಾಟಕದ ವಿಳಾಸವಿರುವವರಿಗೆ, ರಾಜ್ಯದ ಒಳಗಿನ ಪ್ರಯಾಣಕ್ಕೆ ಮಾತ್ರ. ಎರಡು ಸರಕಾರಗಳೂ ಹೆಣ್ಣುಮಕ್ಕಳಿಗೆ ಉದಾರವಾಗಿವೆ, ಗಡಿ ದಾಟದಿದ್ದರೆ. ಮುಂದೆ ವಿಜಯಪುರದ ಊರಬಸ್ಸಿನಲ್ಲಿ ಕಂಡಕ್ಟರು ಐವರ ಗುರುತಿನ ಚೀಟಿ ನೋಡಿ, ಇಂಡಿಯವಳಿಗೆ ಶೂನ್ಯ ದರದ ಟಿಕೆಟು ಹರಿದುಕೊಟ್ಟು ನಾಲ್ವರಿಂದ ಹಣ ತೆಗೆದುಕೊಂಡ. “ನಾವೂ ಕನ್ನಡದವರೇ ಅದೀವ್ರಿ” ಎಂದು ಅಂಗಡಿಯವಳು ನಕ್ಕಳು. “ಮಾತು ಗೊತ್ತಾಗ್ತದ್ರಿ ಅಕ್ಕಾರ, ಮಷಿನ್‌ಗೆ ಗೊತ್ತಾಗಂಗಿಲ್ಲ” ಎಂದು ಆತನೂ ನಕ್ಕ.

ಟಾಕಳಿ ದಾಟಿದರೆ ಭೀಮಾ ನದಿಯ ಸೇತುವೆ. ಆಚೆಯ ದಡ ಧೂಳಖೇಡ. ನೆಲದ ಬಣ್ಣ ಬದಲಾಗುವುದಿಲ್ಲ, ಅದೇ ಎರೆ, ಅದೇ ಜಾಲಿ. ಬದಲಾಗುವುದು ಹಲಗೆಗಳು. ನಾಗರಿ ಲಿಪಿಯ ಫಲಕಗಳು ಹಿಂದೆ ಬಿದ್ದು, ಗೊಬ್ಬರದ ಅಂಗಡಿ, ಚಹಾದ ಹೋಟೆಲು, ಪಂಚಾಯತಿ ಕಾರ್ಯಾಲಯ ಎಲ್ಲವೂ ಕನ್ನಡದಲ್ಲಿ ತೊಡಗುತ್ತವೆ. ಝಳಕಿ, ಹೊರ್ತಿ ಎಂದು ಊರುಗಳ ಹೆಸರು ಬರುತ್ತಿದ್ದಂತೆ ಸಮವಸ್ತ್ರ ಹೊಲಿಯುವವಳು ಹಲಗೆಗಳನ್ನು ಒಂದೊಂದಾಗಿ ಬಾಯಿಬಿಟ್ಟು ಓದತೊಡಗಿದಳು. ಸೊಲ್ಲಾಪುರದಲ್ಲಿ ಆಕೆಯ ದಿನದ ವ್ಯವಹಾರವೆಲ್ಲ ಮರಾಠಿಯಲ್ಲಿ ಮತ್ತು ಹಿಂದಿಯಲ್ಲಿ. ಕನ್ನಡದ ಅಕ್ಷರ ಕಣ್ಣಿಗೆ ಬೀಳುವುದು ಮಗಳ ಪಠ್ಯಪುಸ್ತಕದಲ್ಲಿ ಮಾತ್ರ. ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ಗಡಿಯಾಚೆಯ ಎಲ್ಲ ಮನೆಗಳ ಮಾತೂ ಇದೇ. ಪುಸ್ತಕ ಮುಚ್ಚಿದರೆ ಲಿಪಿ ಮಾಯವಾಗುತ್ತದೆ. ಬೀದಿಯಲ್ಲಿ ಓದಲು ಏನೂ ಇಲ್ಲದ ಭಾಷೆಯನ್ನು ಮಗು ಪರೀಕ್ಷೆಯ ವಿಷಯವೆಂದು ತಿಳಿದರೆ ತಪ್ಪು ಮಗುವಿನದಲ್ಲ.

ವಸತಿಯನ್ನು ಮೊದಲೇ ಫೋನಿನಲ್ಲಿ ಗೊತ್ತುಮಾಡಿದ್ದರು: ಗಾಂಧಿ ಚೌಕಿನಿಂದ ನಡೆದು ಹೋಗಬಹುದಾದ ಒಂದು ಲಾಡ್ಜಿನಲ್ಲಿ ಎರಡು ಕೋಣೆ. ಪ್ರವಾಸೋದ್ಯಮ ನಿಗಮದ ವಸತಿಗೃಹವೂ ನಗರದಲ್ಲಿದೆ. ಹಬ್ಬದ ವಾರದಲ್ಲಿ ಮುಂಚಿತವಾಗಿ ಕೇಳಬೇಕು. ಹೆಂಗಸರಷ್ಟೇ ಉಳಿಯುವಾಗ ಎರಡು ಮಾತು ಮೊದಲು ಕೇಳುವುದು ಲೇಸು: ಬಿಸಿನೀರು ಎಷ್ಟು ಹೊತ್ತಿಗೆ, ಬಾಗಿಲಿನ ಒಳಚಿಲಕ ಗಟ್ಟಿಯಿದೆಯೇ. ಅಂಗಡಿಯವಳು ಎರಡನ್ನೂ ಕೇಳಿದಳು. ಎರಡನೆಯದನ್ನು ಕೈಯಿಂದ ಎಳೆದೂ ನೋಡಿದಳು.

ಇಬ್ರಾಹಿಂ ರೋಜಾವನ್ನು ಸಂಜೆಯೇ ನೋಡಬೇಕು. ಒಂದೇ ಎತ್ತರದ ಜಗುಲಿಯ ಮೇಲೆ ಎದುರುಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ಕೊಳ. ಇಳಿಬಿಸಿಲು ಕಂದು ಕಲ್ಲಿನ ಮೇಲೆ ಬಿದ್ದಾಗ ಕಟ್ಟಡ ತೂಕ ಕಳೆದುಕೊಂಡಂತೆ ತೋರುತ್ತದೆ. ಎರಡನೆಯ ಇಬ್ರಾಹಿಂ ಆದಿಲಶಾಹ ಇದನ್ನು ತನ್ನ ರಾಣಿ ತಾಜ್ ಸುಲ್ತಾನಾಳಿಗಾಗಿ ಕಟ್ಟಿಸತೊಡಗಿದ. 1627ರಲ್ಲಿ ಆತ ತೀರಿಕೊಂಡಾಗ ಆತನನ್ನೂ ಇಲ್ಲಿಯೇ ಹೂಳಿದರು. ಕಟ್ಟಿದವನು ಮಲಿಕ್ ಸಂದಲ್. ಗೋರಿಯ ಗೋಡೆಗಳ ಮೇಲೆ ಅಕ್ಷರಗಳೇ ಅಲಂಕಾರ. ಕಿಟಕಿಯ ಜಾಲಂದರವನ್ನು ಕೂಡ ಅರಬ್ಬಿ ಬರಹದಿಂದಲೇ ಕೊರೆದಿದ್ದಾರೆ. ಬೆಳಕು ಒಳಗೆ ಬರಬೇಕಾದರೆ ಅಕ್ಷರಗಳ ನಡುವೆ ನುಸುಳಿ ಬರಬೇಕು. ತಾಜಮಹಲಿಗೆ ಇದೇ ಮಾದರಿ ಎಂದು ಮಾರ್ಗದರ್ಶಕರು ಹೇಳುವುದುಂಟು. ಆ ಹೋಲಿಕೆಯ ಹಂಗಿಲ್ಲದೆಯೂ ಇದು ಸೊಗಸು. ಈ ಸುಲ್ತಾನ ಸಂಗೀತದ ಹುಚ್ಚಿನವನು; ದಖನಿ ಭಾಷೆಯಲ್ಲಿ ಆತ ರಚಿಸಿದ ‘ಕಿತಾಬ್-ಎ-ನೌರಸ್’ನಲ್ಲಿ ಸರಸ್ವತಿಯ ಸ್ತುತಿಯಿದೆ. ಜನ ಆತನನ್ನು ಜಗದ್ಗುರು ಎಂದು ಕರೆದರು.

ಕೊಳದ ಮೆಟ್ಟಿಲಿನ ಮೇಲೆ ಕುಳಿತು ಶಿಕ್ಷಕಿ ಹೇಳಿದ ಕಥೆ ಉಳಿದ ನಾಲ್ವರಿಗೆ ಹೊಸದು. ಈ ಇಬ್ರಾಹಿಂ ಪಟ್ಟಕ್ಕೆ ಬಂದದ್ದು 1580ರಲ್ಲಿ, ಇನ್ನೂ ಹುಡುಗನಾಗಿದ್ದಾಗ. ಆಗ ರಾಜ್ಯ ನಡೆಸಿದವಳು ಆತನ ದೊಡ್ಡಮ್ಮ ಚಾಂದ್ ಬೀಬಿ. ಅಹಮದನಗರದ ಹುಸೇನ್ ನಿಜಾಮಶಾಹನ ಮಗಳಾದ ಆಕೆಯನ್ನು ವಿಜಯಪುರದ ಒಂದನೆಯ ಅಲಿ ಆದಿಲಶಾಹನಿಗೆ ಮದುವೆ ಮಾಡಿಕೊಟ್ಟಾಗ ಬಳುವಳಿಯಾಗಿ ಕೊಟ್ಟದ್ದು ಸೊಲ್ಲಾಪುರದ ಕೋಟೆ. ಎರಡು ರಾಜ್ಯಗಳು ತಲೆಮಾರುಗಟ್ಟಲೆ ಜಗಳಾಡಿದ್ದ ಕೋಟೆ ಅದು. ಆ ಬೀಗತನದ ಬಲದಿಂದಲೇ ಸುಲ್ತಾನರು ಒಂದಾಗಿ 1565ರಲ್ಲಿ ತಾಳಿಕೋಟೆಯ ಯುದ್ಧಕ್ಕೆ ಹೋದರು. ಗಂಡ ಸತ್ತ ಮೇಲೆ ವಿಜಯಪುರವನ್ನು ಕಾಯ್ದ ಚಾಂದ್ ಬೀಬಿ, ಮುಂದೆ ತವರಿಗೆ ಮರಳಿ, ಮೊಗಲರು ಮುತ್ತಿದಾಗ ಅಹಮದನಗರದ ಕೋಟೆಯನ್ನೂ ಕಾಯ್ದಳು. 1600ರಲ್ಲಿ ಸ್ವಂತ ಸೈನಿಕರ ಕೈಯಿಂದಲೇ ಹತಳಾದಳು. “ಅಂದ್ರ ಸೊಲ್ಲಾಪುರ ಬಳುವಳಿಗಿ ಬಂದಿದ್ದು ಅನ್ನು. ಇವತ್ತಿಗೂ ಆ ಮನಿಯವರು ಈ ಮನಿಯವರು ಜಗ್ಯಾಡೂದು ಬಿಟ್ಟಿಲ್ಲ” ಎಂದು ಹೊಲಿಗೆಯವಳು ಹೇಳಿದ್ದಕ್ಕೆ ಎಲ್ಲರೂ ನಕ್ಕರು. ಗಡಿವಾದದ ಇತಿಹಾಸವನ್ನು ಇಷ್ಟು ಚಿಕ್ಕದಾಗಿ ಹೇಳಿದವರು ವಿರಳ.

ರಾತ್ರಿಯ ಊಟ ಖಾನಾವಳಿಯಲ್ಲಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗಟ್ಟಿ ಮೊಸರು. ಇದರಲ್ಲಿ ಇವರು ಮನೆಯಲ್ಲಿ ಮಾಡದ ಪದಾರ್ಥ ಒಂದೂ ಇರಲಿಲ್ಲ. ಆದರೂ ತಟ್ಟೆಗೆ ಮತ್ತೊಂದು ರೊಟ್ಟಿ ಬಂದು ಬಿದ್ದಾಗ ಹೊಲದವಳು, ಒಲೆಯ ಮುಂದೆ ಕೂರದೆ ಬಿಸಿರೊಟ್ಟಿ ತಿಂದು ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಿದಳು. ಮದುವೆಯ ನಂತರ ಬಾಣಂತನದಲ್ಲಿ ಎರಡು ಸಲ, ಈಗ ಮೂರನೆಯ ಸಲ. ಮೂರು ರೊಟ್ಟಿ ಉಂಡು ಮೇಲೆ ಒಂದು ಕೇಳಿದಳು.

ತೊರವಿ ನಗರದ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿದೆ. ಶುಕ್ರವಾರ ಬೆಳಿಗ್ಗೆ ಮೊದಲು ನರಸಿಂಹನ ಗುಡಿ, ನೆಲಮಟ್ಟಕ್ಕಿಂತ ಕೆಳಗೆ ಇಳಿದು ಹೋಗುವಂಥದು. ಶಾಲೆಯಲ್ಲಿ ಓದಿದ ‘ತೊರವೆ ರಾಮಾಯಣ’ ಹುಟ್ಟಿದ ಊರು ಇದೇ ಎಂಬುದು ಅಲ್ಲಿ ನಿಂತಾಗ ನೆನಪಾಗುವ ಸಂಗತಿ. ಕುಮಾರ ವಾಲ್ಮೀಕಿ ಎಂದು ಹೆಸರಾದ ನರಹರಿ ಈ ದೇವರನ್ನು ನೆನೆದು ಭಾಮಿನಿ ಷಟ್ಪದಿಯಲ್ಲಿ ರಾಮಕಥೆಯನ್ನು ಬರೆದ. ಹತ್ತನೆಯ ಇಯತ್ತೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿ ಗಣ ವಿಭಾಗಿಸಲು ಬಾರದೆ ಬೈಸಿಕೊಂಡವರು ಐವರಲ್ಲಿ ಮೂವರಿದ್ದರು; ಶಿಕ್ಷಕಿಯೂ ಅವರಲ್ಲಿ ಒಬ್ಬಳು. ಗುಡಿಗೆ ಸಮೀಪದಲ್ಲಿಯೇ ಇಬ್ರಾಹಿಂ ಆದಿಲಶಾಹ ಕಟ್ಟಬಯಸಿದ ನೌರಸಪುರದ ಅವಶೇಷಗಳು. 1599ರಲ್ಲಿ ಆರಂಭವಾದ ಆ ಸಂಗೀತದ ನಗರವನ್ನು 1624ರಲ್ಲಿ ಮಲಿಕ್ ಅಂಬರನ ಸೈನ್ಯ ಹಾಳುಮಾಡಿತು. ಸಂಗೀತ ಮಹಲಿನ ಎತ್ತರದ ಕಮಾನು ಇಂದಿಗೂ ನಿಂತಿದೆ, ಮೇಲೆ ಛಾವಣಿಯಿಲ್ಲದೆ.

ಈ ಎರಡರ ನೆರೆಯಲ್ಲಿಯೇ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯವಾಗಿ ಆರಂಭವಾಗಿ, 2017ರಲ್ಲಿ ಅಕ್ಕನ ಹೆಸರನ್ನು ಪಡೆಯಿತು. ಹೊಲಿಗೆಯವಳ ಮಗಳು ಆಗ ಒಂಬತ್ತನೆಯ ಇಯತ್ತೆ. ಸೊಲ್ಲಾಪುರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಹುಡುಗಿಗೆ ಹತ್ತರ ನಂತರ ದಾರಿ ಕಿರಿದಾಗುತ್ತದೆ. ಮುಂದೆ ಮರಾಠಿಗೋ ಇಂಗ್ಲಿಷಿಗೋ ಹೊರಳಬೇಕು, ಇಲ್ಲವೇ ಓದು ನಿಲ್ಲಿಸಬೇಕು. “ಹತ್ತು ಆಯ್ತಲ್ಲ, ಮಷಿನ್ ಮುಂದ ಕೂಡಸು” ಎಂದು ಮನೆಯಲ್ಲಿ ಮಾತು ಎದ್ದಿತ್ತು. ಆವರಣದಲ್ಲಿ ಸ್ನಾತಕೋತ್ತರ ವಿಭಾಗಗಳಿವೆ. ಪದವಿಯ ಓದು ಇದಕ್ಕೆ ಸಂಯೋಜನೆಗೊಂಡ ಮಹಿಳಾ ಕಾಲೇಜುಗಳಲ್ಲಿ. ಹಾಗಾಗಿ ಒಂಬತ್ತನೆಯ ಹುಡುಗಿಗೆ ಈ ಬಾಗಿಲು ದೂರದ್ದೇ. ಆದರೂ ತಾಯಿ ಅದರ ಮುಂದೆ ಬಹಳ ಹೊತ್ತು ನಿಂತಳು. ಒಳಗಿನಿಂದ ಹುಡುಗಿಯರು ಗುಂಪುಗುಂಪಾಗಿ ಬರುತ್ತಿದ್ದರು. ಅವರಲ್ಲಿ ಒಬ್ಬಳನ್ನು ನಿಲ್ಲಿಸಿ, ಯಾವ ಊರವ್ವಾ, ವಸತಿಗೆ ಏನು ಮಾಡೀದಿ, ಮನೆಯವರು ಹೇಗೆ ಕಳಿಸಿದರು ಎಂದು ಕೇಳಿದಳು. ಹುಡುಗಿ ನಿಂತು ಎಲ್ಲಕ್ಕೂ ಉತ್ತರ ಕೊಟ್ಟಳು. ಗಡಿನಾಡಿನ ತಾಯಂದಿರಿಗೆ ಇನ್ನೊಂದು ಸಂಗತಿ ತಿಳಿದಿರಬೇಕು: ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಯಲ್ಲಿ ಗಡಿನಾಡ ಕನ್ನಡಿಗರ ಮಕ್ಕಳ ಅರ್ಹತೆಗೆ ಪ್ರತ್ಯೇಕ ವಿಧಿಯಿದ್ದು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಹೆಸರು ಅದರಲ್ಲಿ ಬರುತ್ತದೆ. ವಿಧಿ ಗೊತ್ತಿಲ್ಲದೆ ಅವಕಾಶ ಕಳೆದುಕೊಳ್ಳುವ ಮನೆಗಳು ಇರಬಾರದು. ಮಗಳ ಶಾಲೆಯ ಮುಖ್ಯಾಧ್ಯಾಪಕರನ್ನು ಇದರ ಬಗ್ಗೆ ಕೇಳಬೇಕೆಂದು ತಾಯಿ ಬಸ್ಸಿನ ಟಿಕೆಟಿನ ಹಿಂದೆ ಗುರುತು ಹಾಕಿಕೊಂಡಳು.

ಮಧ್ಯಾಹ್ನ ತಾಜ ಬಾವಡಿ. ಇದೂ ತಾಜ್ ಸುಲ್ತಾನಾಳ ಹೆಸರಿನದು, ಸುಮಾರು 1620ರದು. ಎರಡು ಬದಿಗೆ ಎಂಟು ಮೂಲೆಯ ಗೋಪುರಗಳು, ನಡುವೆ ಭಾರಿ ಕಮಾನು, ಅದರ ಕೆಳಗಿನಿಂದ ನೀರಿಗೆ ಇಳಿಯುವ ಮೆಟ್ಟಿಲು, ಸುತ್ತ ದಾರಿಹೋಕರು ತಂಗುವ ಕೋಣೆಗಳು. ಬಹುಕಾಲ ಕಸ ತುಂಬಿ ಹಾಳಾಗಿದ್ದ ಬಾವಿಯನ್ನು ಕಳೆದ ದಶಕದಲ್ಲಿ ಹೂಳೆತ್ತಿ ಶುಚಿಗೊಳಿಸಿದರು. ಈ ಊರಿಗೆ ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಆದಿಲಶಾಹಿಯ ಕಾಲದಲ್ಲಿ ಕೆರೆಯಿಂದ ನೆಲದೊಳಗಿನ ಕಾಲುವೆ, ಅಲ್ಲಿಂದ ನೀರಿನ ಗೋಪುರ, ಗೋಪುರದಿಂದ ಓಣಿಯ ಬಾವಿ ಎಂದು ನೀರನ್ನು ನಡೆಸಿ ತಂದು ಲಕ್ಷಗಟ್ಟಲೆ ಜನರನ್ನು ಸಾಕಿದರು. ಚಾಂದ್ ಬೀಬಿಯ ಹೆಸರಿನ ಬಾವಡಿಯೂ ಇದೆ. 1651ರ ಬೇಗಂ ತಲಾಬು ಜಹಾನ್ ಬೇಗಮಳ ನೆನಪಿಗೆ. ಅರಸರು ತಮ್ಮ ಹೆಸರನ್ನು ಗೋರಿಗಳಿಗೆ ಇಟ್ಟುಕೊಂಡು, ನೀರಿಗೆ ರಾಣಿಯರ ಹೆಸರನ್ನು ಬಿಟ್ಟಂತಿದೆ. ಹೊಲದವಳಿಗೆ ಇಡೀ ಊರಿನಲ್ಲಿ ಮನಸ್ಸಿಗೆ ಹಿಡಿದದ್ದು ಈ ಬಾವಿ. ಮಳೆಯಿಲ್ಲದ ಆ ವರ್ಷವೂ ತಳದಲ್ಲಿದ್ದ ನೀರನ್ನು ನೋಡುತ್ತ, ತಮ್ಮ ಊರ ಹಳೆಯ ಬಾವಿಗೆ ಯಾರು ಯಾರು ಕಸ ಸುರಿಯುತ್ತಾರೆಂಬುದನ್ನು ಮನೆಗಳ ಹೆಸರು ಹಿಡಿದು ಹೇಳತೊಡಗಿದಳು.

ಉಳಿದ ಸ್ಥಳಗಳನ್ನು ಟಾಂಗಾ ಮಾಡಿಕೊಂಡು ಬೇಗ ಬೇಗ ಮುಗಿಸಿದರು. ಉಪಲಿ ಬುರುಜಿನ ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತಿದರೆ ಇಡೀ ನಗರ ಕಾಣುತ್ತದೆ. ಮುಲುಕ ಮೈದಾನ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕವಾದದ್ದು, ಸುಮಾರು 55 ಟನ್ನು. ಆನೆಯನ್ನು ನುಂಗುವ ಸಿಂಹದ ಬಾಯಿ ಅದರದು. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಅದೃಷ್ಟಕ್ಕೆ ಮಾರಾಟ ರದ್ದಾಯಿತು. ಬಾರಾ ಕಮಾನವನ್ನು ದಾರಿಯಲ್ಲಿ ಕಂಡರಷ್ಟೆ. ಆಸಾರ ಮಹಲಿನ ಒಳಕೋಣೆಗಳಿಗೆ ಹೆಂಗಸರಿಗೆ ಪ್ರವೇಶವಿಲ್ಲವೆಂಬುದನ್ನು ಮೊದಲೇ ತಿಳಿದುಕೊಂಡಿದ್ದರಿಂದ, ಎತ್ತರದ ಮರದ ಕಂಬಗಳನ್ನೂ ಎದುರಿನ ಕೊಳವನ್ನೂ ಹೊರಗಿನಿಂದ ನೋಡಿ ಮುಂದೆ ಹೋದರು. ಸಂಜೆ ಶಾಸ್ತ್ರಿ ಮಾರುಕಟ್ಟೆಯಲ್ಲಿ ಇಳಕಲ್ಲ ಸೀರೆ ನೋಡಿದ್ದು ಎರಡು ತಾಸು, ಕೊಂಡದ್ದು ಒಂದು. ಅದು ಅತ್ತೆಗೆ.

ಶನಿವಾರ ಬಾಗಿಲು ತೆರೆಯುವ ಹೊತ್ತಿಗೇ ಗೋಳಗುಮ್ಮಟದಲ್ಲಿದ್ದರು. ತಡವಾದರೆ ಶಾಲಾ ಪ್ರವಾಸಗಳ ಬಸ್ಸುಗಳು ಬಂದು ನಿಲ್ಲುತ್ತವೆ. ಆಮೇಲೆ ಒಳಗೆ ಕೇಳುವುದು ಕೂಗು ಮಾತ್ರ. ಮಹಮ್ಮದ ಆದಿಲಶಾಹನ ಈ ಗೋರಿ ಆತ ತೀರಿದ 1656ರ ಹೊತ್ತಿಗೆ ಈಗಿನ ರೂಪಕ್ಕೆ ಬಂದದ್ದು. ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರು; ನಡುವೆ ಒಂದೂ ಕಂಬವಿಲ್ಲ. ಒಂದರೊಡನೊಂದು ಹೆಣೆದುಕೊಂಡ ಕಮಾನುಗಳು ಚೌಕದ ಗೋಡೆಯನ್ನು ದುಂಡಿಗೆ ತಿರುಗಿಸಿ ಅಷ್ಟು ಭಾರವನ್ನು ಹೊತ್ತಿವೆ. ಕೆಳಗಿನ ಕಟ್ಟೆಯ ಮೇಲೆ ಸುಲ್ತಾನ, ಆತನ ಬೇಗಮರು, ಮಗಳು, ಮೊಮ್ಮಗ, ಮತ್ತು ನರ್ತಕಿ ರಂಭೆಯ ಸಮಾಧಿಗಳು. ನಿಜವಾದ ಗೋರಿಗಳು ಅದರಡಿಯ ನೆಲಮಾಳಿಗೆಯಲ್ಲಿ.

ಮೂಲೆಯ ಗೋಪುರದ ಮೆಟ್ಟಿಲು ಏಳು ಅಂತಸ್ತು. ಇಕ್ಕಟ್ಟು, ಎತ್ತರದ ಮೆಟ್ಟಿಲು, ಸೀರೆಯ ನೆರಿಗೆ ಕಾಲಿಗೆ ತೊಡರುತ್ತದೆ. ಮಂಡಿನೋವಿನ ಅಂಗಡಿಯವಳು ಪ್ರತಿ ಅಂತಸ್ತಿನಲ್ಲಿ ಕುಳಿತು ಏರಿದಳು. ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಇವರಲ್ಲದೆ ಬೇರಾರೂ ಇರಲಿಲ್ಲ. ಗೋಡೆಗೆ ಬಾಯಿ ಹಚ್ಚಿ ಆಡಿದ ಮಾತು ಗುಮ್ಮಟದ ಒಳಮೈಗುಂಟ ಹರಿದು ಎದುರು ಬದಿಗೆ, ನೂರಿಪ್ಪತ್ತು ಅಡಿ ಆಚೆಗೆ, ಕಿವಿಯಲ್ಲಿ ಹೇಳಿದಂತೆ ಕೇಳುತ್ತದೆ. ಐವರೂ ದೂರ ದೂರ ಹೋಗಿ ಗೋಡೆಗೆ ಆತು ಕುಳಿತರು. ಮೊದಲು ಯಾರಿಗೂ ಮಾತು ಹೊಳೆಯಲಿಲ್ಲ. ಶಿಕ್ಷಕಿ ಹಳೆಯ ಹಾಜರಿ ಪಟದ ಕ್ರಮದಲ್ಲಿ, ತವರಿನ ಅಡ್ಡಹೆಸರು ಹಿಡಿದು, ಒಬ್ಬೊಬ್ಬರನ್ನೇ ಮೆಲ್ಲಗೆ ಕರೆದಳು. ಮದುವೆಯಾದ ಮೇಲೆ ಯಾವ ಕಾಗದದಲ್ಲಿಯೂ ಉಳಿಯದ ಹೆಸರುಗಳು. ಗೋಡೆಯಿಂದ ಒಂದಾದ ಮೇಲೊಂದು “ಹಾಜರ್” ಬಂತು. ಆಮೇಲೆ ಬಹಳ ಹೊತ್ತು ಒಬ್ಬರಿಗೊಬ್ಬರು ಏನೇನೋ ಹೇಳಿಕೊಂಡರು. ಒಂದು ಕಡೆಯಿಂದ ನಗು ಬಂತು, ಒಂದು ಕಡೆಯಿಂದ ಮೂಗು ಎಳೆದ ಸದ್ದು. ಕೆಳಗೆ ಮಕ್ಕಳ ಮೊದಲ ಗುಂಪು ಬಂದು ಕೂಗು ಹಾಕಿದಾಗ ಎದ್ದರು.

ಸಂಗ್ರಹಾಲಯವನ್ನು ಒಂದು ತಾಸಿನಲ್ಲಿ ನೋಡಿ ಮುಗಿಸಿದರು. ಎದುರಿನ ನಗಾರಖಾನೆಯ ಕಟ್ಟಡದಲ್ಲಿ ಶಿಲಾಶಾಸನಗಳು, ವೀರಗಲ್ಲುಗಳು, ಹಸ್ತಪ್ರತಿಗಳು, ಚೀನೀ ಪಿಂಗಾಣಿ. ಹಳಗನ್ನಡ ಶಾಸನದ ಮುಂದೆ ನಿಂತು ಎಷ್ಟು ಅಕ್ಷರ ಗುರುತು ಸಿಗುತ್ತದೆಂದು ಪಂದ್ಯ ಕಟ್ಟಿದ್ದು ಇಂಡಿಯವಳು. ಗೆದ್ದವಳೂ ಅವಳೇ.

ಬಿಟ್ಟುಹೋದದ್ದು ಬಹಳ. ಜೋಡ ಗುಮ್ಮಟ ನೋಡಲಿಲ್ಲ, ಬೇಗಂ ತಲಾಬಿನವರೆಗೆ ಹೋಗಲಾಗಲಿಲ್ಲ. ಶಿಕ್ಷಕಿಗೆ ಮುಖ್ಯವಾಗಿ ಉಳಿದದ್ದು ಫ.ಗು. ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರ. ಈ ಊರಿನಲ್ಲಿ ವಕೀಲರಾಗಿದ್ದು, ಮನೆಮನೆಯ ತಾಳೆಗರಿ ಕೂಡಿಸಿ, ಇದ್ದ ಮನೆಯನ್ನೂ ಮಾರಿ ಮುದ್ರಣಾಲಯ ನಡೆಸಿದ ಹಳಕಟ್ಟಿಯವರ ‘ವಚನಶಾಸ್ತ್ರ ಸಾರ’ ಪ್ರಕಟವಾಗಿ ಆ ವರ್ಷಕ್ಕೆ ಸರಿಯಾಗಿ ನೂರು ವರ್ಷವಾಗಿತ್ತು. ಸೊನ್ನಲಿಗೆಯ ಸಿದ್ಧರಾಮನ, ಎಂದರೆ ಸೊಲ್ಲಾಪುರದವನ, ವಚನಗಳು ಇಂದು ಶಾಲೆಯ ಪುಸ್ತಕಗಳವರೆಗೆ ಬಂದು ಮುಟ್ಟಿರುವುದಕ್ಕೆ ಅವರ ದುಡಿಮೆಯೇ ಅಡಿಪಾಯ. ಅದಕ್ಕೆ ಅರ್ಧ ದಿನವಾದರೂ ಬೇಕು.

ಅಕ್ಕಲಕೋಟೆಯ ಕಡೆಯವರು ರಾತ್ರಿಯೊಳಗೆ ಮನೆ ಸೇರಬೇಕಾದರೆ ವಿಜಯಪುರವನ್ನು ಮಧ್ಯಾಹ್ನ ಮೂರರೊಳಗೆ ಬಿಡುವುದು ಒಳ್ಳೆಯದು. ಇಂಡಿಯವಳು ಝಳಕಿಯಲ್ಲಿ ಇಳಿದಳು. ಧೂಳಖೇಡ ಬರುವಷ್ಟರಲ್ಲಿ ಅಂಗಡಿಯವಳು ಲೆಕ್ಕ ಮುಗಿಸಿದ್ದಳು: ಉಳಿದದ್ದು 1,380 ರೂಪಾಯಿ. ಐದು ಪಾಲು ಮಾಡಿದರೆ ತಲಾ 276. ಹೊಲದವಳು ತನ್ನ ಪಾಲನ್ನು ಕೇಳಲಿಲ್ಲ. ಡಿಸೆಂಬರಿನ ಕಂತಿಗೆ 200 ಹಿಡಿದುಕೊಂಡು ಉಳಿದದ್ದನ್ನು ಜನವರಿಗೆ ಬರೆದುಕೋ ಎಂದಳು.